ಶುಕ್ರವಾರದ ಕೈ

ಬ್ರೆಡ್ ಅಂಗಡಿಯ ಸಾಲಿನಲ್ಲಿ ನಿಂತರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು.

"ಏನಪ್ಪಾ, ನಿಂಗೆ ಎಚ್ಚರ ಆಗೋದು ಯಾವಾಗ?"

ಕೊದ್ರಿನ್ ನಗುತ್ತಿದ್ದ. ನಗದಿದ್ದರೆ ಸೊಕ್ಕು ಅನ್ನುತ್ತಿದ್ದರು. ನಕ್ಕರೆ ಹಿಂದಿನವಳು ಮುಂದಿನವಳ ಭುಜ ತಟ್ಟಿ, "ನೋಡೇ, ಹಾಗೇ ನಗ್ತಾನೆ, ಅದೇ ಗುಳಿ," ಅನ್ನುತ್ತಿದ್ದಳು. ಸಾಲು ಮುಂದೆ ಸರಿಯುತ್ತಿತ್ತು. ಅವನು ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಅಜ್ಜಿಯ ಮನೆಗೆ ನಡೆಯುತ್ತಿದ್ದ.

ಹಲ್ಲು ಪೂರ್ತಿ ಬರುವ ಮೊದಲೇ ಅವನು ಟೀವಿ ಧಾರಾವಾಹಿಯೊಂದರಲ್ಲಿ ಲೂಕಾ ಆಗಿದ್ದ. ಬುಖಾರೆಸ್ಟಿನ ದೊಡ್ಡ ಮನೆತನವೊಂದರ ಗುಟ್ಟಿನ ಮಗ ಲೂಕಾ, ಪ್ರತಿ ಶುಕ್ರವಾರ ಸಂಜೆ ಇಡೀ ದೇಶದ ಅಡುಗೆಮನೆಗಳಲ್ಲಿ ಅಳುತ್ತಿದ್ದ. ಹದಿನಾರು ತುಂಬಿದ ಬೇಸಿಗೆಯಲ್ಲಿ ಕೊದ್ರಿನ್ ಸಾಕು ಅಂದ. ಧಾರಾವಾಹಿಯವರು ಲೂಕಾನನ್ನು ಸಾಯಿಸಲಿಲ್ಲ. ಸತ್ತವನನ್ನು ವಾಪಸು ಕರೆಸುವುದು ಕಷ್ಟ ಎಂದು ನಿರ್ಮಾಪಕ ಬ್ರಾತು ಲೆಕ್ಕ ಹಾಕಿದ್ದ. ಹಾಗಾಗಿ ಲೂಕಾನ ಮೋಟಾರ್‌ಬೈಕು ಸೇತುವೆಯ ಕಂಬಕ್ಕೆ ಬಡಿದು ಅವನು ಕೋಮಾಕ್ಕೆ ಹೋದ. ಮುಖಕ್ಕೆಲ್ಲ ಬ್ಯಾಂಡೇಜು ಸುತ್ತಿ, ಅದೇ ಮೈಕಟ್ಟಿನ ಬೇರೊಬ್ಬ ಹುಡುಗನನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದರು. ಬ್ರಾತು ಪ್ರತಿ ಸೋಮವಾರ ಫೋನು ಮಾಡುತ್ತಿದ್ದ. ಕೊದ್ರಿನ್ ಪ್ರತಿ ಸೋಮವಾರ ಇಲ್ಲ ಅನ್ನುತ್ತಿದ್ದ.

ಅವನಿಗೆ ಬೇಕಾಗಿದ್ದದ್ದು ಹೆಚ್ಚೇನೂ ಅಲ್ಲ. ಸಿರೆತ್ ನದಿಯ ದಂಡೆಯ ಈ ಊರಲ್ಲಿ ಬೆಳಗ್ಗೆ ಎದ್ದು ಶಾಲೆಗೆ ಹೋಗುವುದು, ಬೈಸಿಕೊಳ್ಳುವುದು, ಅಜ್ಜಿ ಅಗ್ಲಾಯಾಳ ಒಲೆಗೆ ಸೌದೆ ಒಡೆಯುವುದು. ತನ್ನನ್ನು ನೋಡಿದಾಗ ಬೇರೊಬ್ಬನನ್ನು ನೆನೆಸಿಕೊಳ್ಳದ ಒಬ್ಬರಾದರೂ ಇರುವುದು. ಆದರೆ ಬಸ್ಸಿನ ಚಾಲಕ ಅವನಿಂದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಮುದುಕಿಯರು ಅವನ ಕಿವಿ ಹಿಂಡಿ, "ಅಂಥಾ ದೇವತೆ ತಾಯಿ ಹೊಟ್ಟೆ ಉರಿಸ್ದೆಯಲ್ಲೋ," ಎಂದು ನಿಜಕ್ಕೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಶಾಲೆಯಲ್ಲಿ ಅವನ ಹೆಸರು 'ಕೋಮಾ'.

"ಲೇ ಕೋಮಾ, ಚೆಂಡು ಎಸಿಯೋ. ಓ, ಕೈ ಎತ್ತೋಕಾಗಲ್ಲ ಅಲ್ವಾ ಪಾಪ."

ಮೊದಲ ದಿನ ಮಾಸ್ತರು ಅವನಿಗೆ ತೋರಿಸಿದ್ದು ಸ್ಮರಂದಾಳ ಪಕ್ಕದ ಜಾಗ. ಅದು ಯಾವಾಗಲೂ ಖಾಲಿ ಇರುತ್ತಿತ್ತು, ಏಕೆಂದರೆ ಅವಳೇ ಅರ್ಧಕ್ಕರ್ಧ ದಿನ ಶಾಲೆಗೆ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವಳ ಹೃದಯ ಸರಿಯಿರಲಿಲ್ಲ. ತುಟಿಗಳು ನೇರಳೆ ಹಣ್ಣು ತಿಂದಂತೆ ಇದ್ದವು.

"ನಿನ್ನ ಹೆಸರೇನು?" ಅಂದಳು.

ಇಡೀ ತರಗತಿ ನಕ್ಕಿತು.

"ಕೊದ್ರಿನ್."

"ಎಲ್ಲಿಂದ ಬಂದೆ?"

"ಬುಖಾರೆಸ್ಟ್."

"ಅಲ್ಲಿ ಏನ್ ಮಾಡ್ತಿದ್ದೆ?"

ಹಿಂದಿನ ಬೆಂಚಿನವನೊಬ್ಬ ಮೇಜಿಗೆ ತಲೆ ಚಚ್ಚಿಕೊಂಡ. "ಇವಳಿಗೆ ಗೊತ್ತೇ ಇಲ್ಲ ಕಣ್ರೋ."

"ಏನು ಗೊತ್ತಿರಬೇಕು? ನಮ್ಮನೇಲಿ ಟೀವಿ ಇಲ್ಲ," ಅಂದಳು ಸ್ಮರಂದಾ. "ಅಮ್ಮ ಮಾರಿಬಿಟ್ಲು. ನೋಡಿದ್ರೆ ಪಾಪ ಬರುತ್ತಂತೆ."

ಕೊದ್ರಿನ್ ಅವಳತ್ತ ತಿರುಗಿ ನೋಡಿದ. ಅವಳು ಆಗಲೇ ಪುಸ್ತಕದಲ್ಲಿ ತಲೆ ಹುದುಗಿಸಿದ್ದಳು.

ಅದೇ ತಿಂಗಳು ಅಕ್ರೋಟು ಉದುರತೊಡಗಿದವು. ಸ್ಮರಂದಾಳ ಅಂಗಳದಲ್ಲಿ ಒಂದು ಹಳೆಯ ಮರವಿತ್ತು. ಅದರ ಹಸಿರು ಸಿಪ್ಪೆ ಸುಲಿಯಲು ಅವಳ ತಾಯಿ ವಿಯೋರಿಕಾ ಅವನನ್ನೂ ಕೂರಿಸಿದಳು. ಅವನು ಕೈಗವಸು ಕೇಳಿದ.

"ಗವಸು ಹಾಕ್ಕೊಂಡು ಅಕ್ರೋಟು ಸುಲಿಯೋನು ಡಾಕ್ಟ್ರು," ಅಂದಳು ಸ್ಮರಂದಾ. "ನೀನು ಡಾಕ್ಟ್ರಾ?"

"ಕೈ ಕಪ್ಪಾಗುತ್ತಲ್ಲ."

"ಆಗ್ಲಿ. ಈ ಊರಲ್ಲಿ ಈ ತಿಂಗಳು ಬಿಳಿ ಕೈ ಇರೋರು ಇಬ್ರೇ, ಪಾದ್ರಿ ಮತ್ತೆ ಕಳ್ಳ."

ಸಂಜೆಯ ಹೊತ್ತಿಗೆ ಅವನ ಬೆರಳುಗಳು ಟಾರು ಮೆತ್ತಿದಂತಾದವು. ಸಾಬೂನಿಗೆ ಹೋಗಲಿಲ್ಲ, ವಿನೆಗರಿಗೂ ಹೋಗಲಿಲ್ಲ. ಮರುದಿನ ಬ್ರೆಡ್ ಅಂಗಡಿಯಲ್ಲಿ ದುಡ್ಡು ಕೊಡಲು ಕೈ ಚಾಚಿದಾಗ ಅಂಗಡಿಯವಳು ಮುಖ ಎತ್ತದೆ, "ಯಾರ ಮನೆ ಅಕ್ರೋಟು?" ಅಂದಳು.

"ವಿಯೋರಿಕಾ ಅವರ ಮನೇದು."

"ಒಳ್ಳೇ ಜಾತಿ. ತೆಳು ಚಿಪ್ಪು." ಚಿಲ್ಲರೆ ಎಣಿಸಿ ಅವನ ಕಪ್ಪು ಅಂಗೈಯಲ್ಲಿಟ್ಟಳು. ಅಷ್ಟೆ. ಯಾರೂ ಏನೂ ಕೇಳಲಿಲ್ಲ. ಆ ದಿನವಿಡೀ ಅವನು ಕೈಗಳನ್ನು ಜೇಬಿನಿಂದ ಹೊರಗೇ ಇಟ್ಟುಕೊಂಡು ನಡೆದ.

ಆ ಚಳಿಗಾಲ ಅವನು ಹೆಚ್ಚು ಸಮಯ ಕಳೆದದ್ದು ಅವಳ ಕೋಣೆಯಲ್ಲೇ. ಅವಳು ದಿಂಬಿಗೆ ಒರಗಿ ಕೂತಿರುತ್ತಿದ್ದಳು, ಅವನು ನೆಲದ ಮೇಲೆ. ಸೂರ್ಯಕಾಂತಿ ಬೀಜ ಒಡೆದು ಸಿಪ್ಪೆಯನ್ನು ಒಂದೇ ಡಬ್ಬಿಗೆ ಉಗಿಯುತ್ತ ಮಾತಾಡುತ್ತಿದ್ದರು. ಯಾವ ನಾಯಿ ಕಚ್ಚುತ್ತದೆ, ಯಾವ ಮಾಸ್ತರು ಯಾರ ಹೆಂಡತಿಯ ಜೊತೆ ಹಾಡುತ್ತಾನೆ, ಇಂಥವೇ. ಬುಖಾರೆಸ್ಟಿನಲ್ಲಿ ಅಪ್ಪ ಮನೆ ಬಿಟ್ಟು ಹೋದ ದಿನ ತನಗೆ ಅಳು ಬರಲಿಲ್ಲ ಎಂದು ಅವನು ಹೇಳಿದ್ದು ಅವಳೊಬ್ಬಳಿಗೇ. ಅವಳು ಡಬ್ಬಿಯನ್ನು ಅವನತ್ತ ತಳ್ಳಿದಳು.

ಕೋಣೆಯ ಮೂಲೆಯಲ್ಲಿ ಕ್ರೋಶಾ ಬಟ್ಟೆ ಹೊದಿಸಿದ ಪೆಟ್ಟಿಗೆಯೊಂದಿತ್ತು. ಮೇಲೆ ಜೆರೇನಿಯಮ್ ಹೂವಿನ ಕುಂಡ. ಒಮ್ಮೆ ಅವನು ಅದರ ಮೇಲೆ ಚಹಾದ ಲೋಟ ಇಡಲು ಹೋದಾಗ ಅವಳು, "ಅಲ್ಲಿ ಬೇಡ, ಅಜ್ಜಿಯ ಮದುವೆ ಪೆಟ್ಟಿಗೆ ಅದು," ಅಂದಿದ್ದಳು.

ಶುಕ್ರವಾರ ಮಾತ್ರ ಬರಗೊಡುತ್ತಿರಲಿಲ್ಲ. ಉಪವಾಸ, ಪ್ರಾರ್ಥನೆ, ಅಮ್ಮ ಬೈತಾಳೆ ಅನ್ನುತ್ತಿದ್ದಳು.

"ನೀನು ಅಷ್ಟೊಂದು ಭಕ್ತೆ ಅಂತ ಗೊತ್ತಿರ್ಲಿಲ್ಲ."

"ಸಾಯೋರು ಭಕ್ತಿ ಮಾಡ್ಬೇಕಪ್ಪ. ನೀನು ಪ್ರಾರ್ಥನೆ ಮಾಡ್ತೀಯಾ?"

"ಮಾಡ್ತೀನಿ."

"ಸುಳ್ಳು. ಸುಳ್ಳು ಹೇಳುವಾಗ ನಿನ್ನ ತಲೆ ಎಡಕ್ಕೆ ವಾಲುತ್ತೆ."

ಅದು ಅವನಿಗೇ ಗೊತ್ತಿರಲಿಲ್ಲ. ಇಷ್ಟು ಕಡಿಮೆ ದಿನಗಳಲ್ಲಿ ತನ್ನನ್ನು ಇಷ್ಟು ಹತ್ತಿರದಿಂದ ನೋಡಿದವರು ಯಾರೂ ಇಲ್ಲ ಎಂದು ಅವನಿಗೆ ಅನ್ನಿಸಿತು.

ಜನವರಿಯಲ್ಲಿ ಅವಳನ್ನು ಯಾಶಿ ನಗರದ ಆಸ್ಪತ್ರೆಗೆ ಕರೆದೊಯ್ದರು. ಕೆಲವು ವಾರಗಳ ನಂತರ ವಾಪಸು ಕಳಿಸಿದರು. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಶುರುವಾಗಿ, ಸೂರಿನ ಹಿಮ ಕರಗಿ ತೊಟ್ಟಿಕ್ಕುತ್ತಿದ್ದ ಒಂದು ಬೆಳಗ್ಗೆ ಸ್ಮರಂದಾ ತೀರಿಕೊಂಡಳು.

ಮಧ್ಯಾಹ್ನ ವಿಯೋರಿಕಾ ತನ್ನ ನಾದಿನಿ ತಿಂಕಾಳ ಜೊತೆ ಅಗ್ಲಾಯಾಳ ಮನೆಗೆ ಬಂದಳು. ಕೂರಲಿಲ್ಲ. ಬಾಗಿಲಲ್ಲೇ ನಿಂತು ತಲೆಯ ಕಪ್ಪು ಬಟ್ಟೆಯನ್ನು ಗಲ್ಲದ ಕೆಳಗೆ ಬಿಗಿದುಕೊಂಡಳು.

"ಅಗ್ಲಾಯಮ್ಮ, ಹೆಣ್ಣು ಮದುವೆಯಿಲ್ಲದೆ ಮಣ್ಣಿಗೆ ಹೋಗಬಾರದು. ನಿಮ್ಮ ಹುಡುಗನ್ನ ಕೇಳೋಕೆ ಬಂದಿದೀನಿ."

ಅಜ್ಜಿ ಶಿಲುಬೆ ಗುರುತು ಹಾಕಿಕೊಂಡಳು. "ಬೇರೆ ಯಾರೂ ಇಲ್ವೇನೇ? ಇವನಿಗೆ ಇದೆಲ್ಲ ಗೊತ್ತಿಲ್ಲ. ಸತ್ತವಳ ಗಂಡ ಅಂತ ಇವನು ಸಾಯೋವರೆಗೂ ಊರು ಕರೆಯುತ್ತೆ."

"ನಾನು ಬರ್ತೀನಿ," ಅಂದ ಕೊದ್ರಿನ್.

ಉಪವಾಸದ ವಾರಗಳಲ್ಲಿ ಬದುಕಿರುವವರಿಗೆ ಮದುವೆ ಇಲ್ಲ, ಸತ್ತವರಿಗೆ ಅಡ್ಡಿಯಿಲ್ಲ. ಅವಳಿಗೆ ಬಿಳಿ ಉಡುಪು ತೊಡಿಸುತ್ತಾರೆ, ಮುಸುಕು ಹಾಕುತ್ತಾರೆ. ಒಬ್ಬ ಹುಡುಗ ವರನಾಗಿ ಮೇಣದ ಉಂಗುರ ತೊಡಿಸಿ ಸಮಾಧಿಯವರೆಗೆ ಪಕ್ಕದಲ್ಲಿ ನಡೆಯುತ್ತಾನೆ. ಅದಕ್ಕೆ ತಮ್ಮವನನ್ನೇ ಕರೆಯುತ್ತಾರೆ, ನೆಂಟರ ಹುಡುಗನನ್ನು, ನೆರೆಮನೆಯವನನ್ನು, ಬೆಂಚಿನ ಜೊತೆಗಾರನನ್ನು. ಈ ಊರು ಕೊದ್ರಿನ್ ಎಂಬ ಹೆಸರಿನವನಿಂದ ಮೊದಲ ಬಾರಿಗೆ ಏನನ್ನೋ ಕೇಳಿತ್ತು. ದುಃಖದ ಅಡಿಯಲ್ಲಿ ಅವನಿಗೆ ಹೆಮ್ಮೆಯಂಥದ್ದೊಂದು ಆಯಿತು. ಅದಕ್ಕೆ ನಾಚಿಕೆಯೂ ಆಯಿತು.

ವಿಯೋರಿಕಾ ಅವನಿಗೆ ತೀರಿಹೋದ ಗಂಡನ ಮದುವೆ ಕೋಟು ಕೊಟ್ಟಳು. ಹಾಕಿ ನೋಡು ಎಂದು ಸ್ಮರಂದಾಳ ಕೋಣೆಗೆ ಕಳಿಸಿದಳು. ಮುಂಭಾಗದ ಕೋಣೆಯಲ್ಲಿ ಹೆಂಗಸರು ಮುಸುಕಿನ ಅಂಚು ಹೊಲಿಯುತ್ತಿದ್ದರು. ಅವನು ಅತ್ತ ನೋಡದೆ ಒಳಗೆ ಹೋದ. ತಿಂಕಾ ಅಲ್ಲಿ ಕುರ್ಚಿ ಹತ್ತಿ ಕನ್ನಡಿಗೆ ಕಪ್ಪು ಬಟ್ಟೆ ಹೊದಿಸುತ್ತಿದ್ದಳು. ಸಾವಿನ ಮನೆಯಲ್ಲಿ ಮುಖ ಕಾಣುವ ಯಾವುದೂ ತೆರೆದಿರಬಾರದು.

"ಸ್ವಲ್ಪ ಈ ಕುಂಡ ಹಿಡ್ಕೊಳಪ್ಪ," ಅಂದಳು. "ಟೀವೀನೂ ಮುಚ್ಬೇಕು. ಈ ಬಟ್ಟೆ ತೂತು ತೂತು, ನಡೆಯಲ್ಲ."

ಅವನು ಕುಂಡ ಹಿಡಿದುಕೊಂಡ. ತಿಂಕಾ ಕ್ರೋಶಾ ಬಟ್ಟೆ ಎಳೆದಳು. ಅಡಿಯಲ್ಲಿದ್ದ ಗಾಜಿನಲ್ಲಿ ಒಬ್ಬ ಹುಡುಗ ದೊಡ್ಡವರ ಕೋಟು ತೊಟ್ಟು ಹೂವಿನ ಕುಂಡ ಹಿಡಿದು ನಿಂತಿದ್ದ.

"ಪಾಪದ್ದು, ಒಂದು ಶುಕ್ರವಾರ ಬಿಟ್ಟವಳಲ್ಲ," ಅಂದಳು ತಿಂಕಾ, ಕಪ್ಪು ಬಟ್ಟೆಯ ತುದಿಗಳನ್ನು ಗಂಟು ಹಾಕುತ್ತ. "ಯಾಶಿಯಲ್ಲೂ ನರ್ಸಮ್ಮನ ಕಾಡಿ ಬೇಡಿ ನೋಡ್ತಿದ್ಲಂತೆ. ಮೊದಲಿಂದಾನೂ ನೀನಂದ್ರೆ ಪ್ರಾಣ. ನಾವೆಲ್ಲ ಏನು ನಗಾಡ್ತಿದ್ವಿ ಗೊತ್ತಾ? ಕೊನೆಗೂ ಲೂಕಾನ್ನೇ ಕಟ್ಕೊಂಡ್ಲು ನೋಡು." ಅವಳು ಅಳುತ್ತಲೇ ಸ್ವಲ್ಪ ನಕ್ಕಳು.

ಅವನು ಕುಂಡವನ್ನು ನೆಲದ ಮೇಲಿಟ್ಟ. ಕೋಟು ಬಿಚ್ಚಿ ಮಂಚದ ಮೇಲಿಟ್ಟ. ಬಾಗಿಲಲ್ಲಿ ವಿಯೋರಿಕಾ ಎದುರಾದಳು.

"ಆಗ್ಲಿಲ್ವಾ ಮಗಾ?"

"ನನ್ನ ಹತ್ರ ಬೇರೆ ಕೋಟಿದೆ," ಅಂದ.

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯತೊಡಗಿತು. ಹೊಲಿಯುತ್ತಿದ್ದ ಹೆಂಗಸರು ಅವಳನ್ನು ಕರೆದರು.

ಮನೆಗೆ ಬಂದು ಅವನು ಅಡುಗೆಮನೆಯ ಗೋಡೆಗೆ ಒರಗಿ ನಿಂತ. ಹೆಸರೇನು ಅಂದಿದ್ದಳು. ಎಲ್ಲಿಂದ ಬಂದೆ ಅಂದಿದ್ದಳು. ಒಮ್ಮೆಯೂ ನಾಲಿಗೆ ತಡವರಿಸಿರಲಿಲ್ಲ. ತಲೆ ಎಡಕ್ಕೆ ವಾಲುತ್ತದೆ ಅಂದಳಲ್ಲ, ಅದನ್ನು ಅವಳು ನೋಡಿದ್ದು ಎಲ್ಲಿ ಎಂದು ಈಗ ತಿಳಿಯಿತು. ಅಪ್ಪನ ವಿಷಯವನ್ನು ಅವನು ಹೇಳಿಕೊಂಡದ್ದು ಕೊನೆಗೂ ಒಬ್ಬ ವೀಕ್ಷಕಳಿಗೆ. ಡಬ್ಬಿ ತಳ್ಳಿದಾಗ ಅವಳು ನೋಡುತ್ತಿದ್ದದ್ದು ಯಾರನ್ನು?

ಈ ಬಾರಿ ಫೋನು ಮಾಡಿದವನು ಅವನೇ.

"ಬರ್ತೀಯಾ?" ಬ್ರಾತುವಿನ ಧ್ವನಿಯಲ್ಲಿ ಆಶ್ಚರ್ಯವೇನೂ ಇರಲಿಲ್ಲ. "ಒಳ್ಳೇ ಹುಡುಗ. ನಿಮ್ಮಮ್ಮ ಇಲ್ಲೇ ಇದಾರಲ್ಲ, ಸಹಿ ಹಾಕಿಸ್ಕೋತೀನಿ. ಸೋಮವಾರ ಕಾರು ಕಳಿಸ್ತೀನಿ. ಕಷ್ಟ ಏನಿಲ್ಲ ಕಣಪ್ಪ, ಮೊದಲ ವಾರ ಸುಮ್ನೆ ಮಲಗಿರೋದು. ಕೊನೆಗೆ ಒಂದು ಬೆರಳು ಅಲ್ಲಾಡಿಸಿದ್ರೆ ಸಾಕು."

ಶವಯಾತ್ರೆಯ ದಿನ ಅವನು ತನ್ನ ಬಟ್ಟೆಯ ಪೆಟ್ಟಿಗೆಯ ತಳದಿಂದ ಬೆಳ್ಳಿ ಗುಂಡಿಗಳ ಬಿಳಿ ಕೋಟು ತೆಗೆದ. ಲೂಕಾ ತನ್ನ ಹುಟ್ಟುಹಬ್ಬಗಳಿಗೆ ಹಾಕುತ್ತಿದ್ದ ಕೋಟು. ತೋಳು ಸ್ವಲ್ಪ ಗಿಡ್ಡವಾಗಿತ್ತು. ಬಾಗಿಲಲ್ಲಿ ಅಗ್ಲಾಯಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇದ್ಯಾಕೋ?"

"ಅವರಿಗೆ ಇದೇ ಬೇಕು ಅಜ್ಜಿ."

"ಯಾರಿಗೆ?"

ಅವನು ಗಿಡ್ಡ ತೋಳನ್ನು ಕೆಳಕ್ಕೆಳೆದುಕೊಂಡ. ಅಜ್ಜಿ ಅವನ ಎದೆಗೆ ವರನ ಹೂವು ಚುಚ್ಚಿದಳು. ಅವಳ ಕೈ ಒರಟಾಗಿತ್ತು.

ಊರಿಗೆ ಊರೇ ಬಂದಿತ್ತು. ಬಸ್ಸಿನ ಚಾಲಕ, ಬ್ರೆಡ್ ಅಂಗಡಿಯವಳು, ಹಿಂದಿನ ಬೆಂಚಿನವರು, ಎಲ್ಲರೂ. ಬಿಳಿ ಕೋಟು ಅಂಗಳಕ್ಕೆ ಕಾಲಿಟ್ಟಾಗ ಗಾಳಿ ಹೊಲದ ಮೇಲೆ ಹಾದಂತೆ ಒಂದು ಪಿಸುಮಾತು ಹಾದುಹೋಯಿತು. ಅವನು ಲೂಕಾನ ನಡಿಗೆಯಲ್ಲಿ ನಡೆದ. ಲೂಕಾ ಬಲಗಾಲನ್ನು ತುಸು ತಡವಾಗಿ ಎತ್ತುತ್ತಿದ್ದ. ತೆರೆದ ಶವಪೆಟ್ಟಿಗೆಯ ಪಕ್ಕದಲ್ಲಿ ಲೂಕಾನಂತೆ ಮಂಡಿಯೂರಿದ. ಮೇಣದ ಉಂಗುರ ತೊಡಿಸಿ, ಅದರ ಜೋಡಿಯನ್ನು ತಾನೂ ತೊಟ್ಟ. ಕಣ್ಣು ಮಿಟುಕಿಸದೆ ಒಂದು ಬಿಂದುವನ್ನು ನೋಡುತ್ತ, ನಾಲಿಗೆಯ ತುದಿಯನ್ನು ಅಂಗುಳಿಗೆ ಒತ್ತಿ, ಎಣಿಸುತ್ತ ಕಾದ. ಬಂತು. ಮೊದಲ ಹನಿ ಎಡ ಕೆನ್ನೆಯ ಮೇಲೆ, ಕ್ಯಾಮೆರಾ ಅಲ್ಲೇ ಇದ್ದಂತೆ.

ಹೆಂಗಸರು ಗೊಳೋ ಎಂದು ಅತ್ತರು. "ಅಯ್ಯೋ ದೇವರೇ, ಎಷ್ಟು ಚೆನ್ನಾಗಿ ಅಳ್ತಾನೆ," ಅಂದಳೊಬ್ಬಳು.

ಸ್ಮರಂದಾಳ ಮುಖವನ್ನು ಅವನು ನೋಡಲಿಲ್ಲ. ನೋಡುತ್ತಿದ್ದ ಬಿಂದು ಮುಸುಕಿನ ಒಂದು ಹೊಲಿಗೆಯಾಗಿತ್ತು. ಪೆಟ್ಟಿಗೆಯ ಆಚೆ ಬದಿಯಲ್ಲಿ ವಿಯೋರಿಕಾ ಅಳುವುದನ್ನು ನಿಲ್ಲಿಸಿದ್ದಳು. ಗುಂಪಿನಲ್ಲಿ ಯಾರನ್ನೋ ಹುಡುಕುವವಳಂತೆ ಅವನನ್ನು ನೋಡುತ್ತಿದ್ದಳು.

ಅಡ್ಡರಸ್ತೆಗಳಲ್ಲಿ ಬಟ್ಟೆ ಹಾಸಿದರು, ನಾಣ್ಯ ಎಸೆದರು, ಕಾಗದದ ಹೂವು ಕಟ್ಟಿದ ಫರ್ ಮರವನ್ನು ಮುಂದೆ ಹೊತ್ತರು. ಸಮಾಧಿಗೆ ಅವನು ತನ್ನ ಬೆರಳಿನ ಮೇಣದ ಉಂಗುರವನ್ನು ಹಾಕಿದ. ವರ ತಿರುಗಿ ನೋಡಬಾರದು, ನೋಡಲಿಲ್ಲ. ಆಮೇಲೆ ಊಟ. ಉಪವಾಸದ ಅಣಬೆ-ಅನ್ನದ ಎಲೆಕೋಸಿನ ಸುರುಳಿ, ಕೊನೆಗೆ ಸತ್ತವರ ಹೆಸರಿನ ಸಿಹಿ ಗೋಧಿ. ಗೋಧಿಯ ಮೇಲೆ ಅಕ್ರೋಟಿನ ಪುಡಿ ಉದುರಿಸಿದ್ದರು. ಯಾವ ಮರದ್ದು ಎಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಬಸ್ಸಿನ ಚಾಲಕ ಅವನ ಬೆನ್ನು ತಟ್ಟಿದ.

"ಅಂತೂ ಎಚ್ಚರ ಆಯ್ತಲ್ಲಪ್ಪಾ ನಿಂಗೆ."

ಶುಕ್ರವಾರ ಸಂಜೆ ಗೇಟಿನ ಸದ್ದಾಯಿತು. ವಿಯೋರಿಕಾ ಮತ್ತು ತಿಂಕಾ ಕೈಗಾಡಿಯೊಂದನ್ನು ಅಂಗಳಕ್ಕೆ ತಳ್ಳಿಕೊಂಡು ಬಂದರು. ಗಾಡಿಯಲ್ಲಿ ಟೀವಿ, ಕ್ರೋಶಾ ಬಟ್ಟೆ, ಜೆರೇನಿಯಮ್ ಕುಂಡ.

"ಸ್ಮರಂದಾಳ ಹೆಸರಲ್ಲಿ ದಾನ," ಅಂದಳು ವಿಯೋರಿಕಾ. "ಅವಳಿಗೆ ಇಷ್ಟವಾದದ್ದು. ಇಲ್ಲಿ ಕೊಟ್ಟಿದ್ದು ಅಲ್ಲಿ ಅವಳಿಗೆ ಸಿಗುತ್ತೆ. ತಗೋ ಅಳಿಯಾ."

ಅಂಥ ದಾನವನ್ನು ಬೇಡ ಅನ್ನುವಂತಿಲ್ಲ. "ದೇವರು ಅವಳಿಗೆ ಮುಟ್ಟಿಸಲಿ," ಎಂದು ಅಗ್ಲಾಯಾ ಅವನ ಪರವಾಗಿ ಹೇಳಿದಳು. ಟೀವಿಯನ್ನು ಅಡುಗೆಮನೆಯ ಮೂಲೆಯಲ್ಲಿಟ್ಟರು. ತಿಂಕಾ ಗಾಡಿ ತೆಗೆದುಕೊಂಡು ಹೊರಟಳು. ವಿಯೋರಿಕಾ ಬೆಂಚಿನ ಮೇಲೆ ಕೂತು ಗಡಿಯಾರ ನೋಡಿದಳು.

"ಹಾಕು. ಹೊತ್ತಾಯ್ತು."

ಅವನು ಹಾಕಿದ. ಆ ಪರಿಚಿತ ಸಂಗೀತಕ್ಕೆ ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಲೂಕಾನ ತಾಯಿ ಆಸ್ಪತ್ರೆಯ ಮಂಚದ ಪಕ್ಕ ಕೂತು ಏನೋ ಕ್ಷಮೆ ಕೇಳುತ್ತಿದ್ದಳು. ಹೊದಿಕೆಯ ಮೇಲೆ ಒಂದು ಕೈ ಚಾಚಿಕೊಂಡಿತ್ತು. ವಿಯೋರಿಕಾ ಎದ್ದು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ತಾಯಿಯನ್ನಾಗಲಿ ಬ್ಯಾಂಡೇಜಿನ ಮುಖವನ್ನಾಗಲಿ ಅವಳು ನೋಡುತ್ತಿರಲಿಲ್ಲ.

"ಇದಲ್ಲ," ಎಂದು ಶಿಲುಬೆ ಗುರುತು ಹಾಕಿಕೊಂಡು ಬಂದು ಕೂತಳು. "ಸಾಕು, ಆರಿಸು."

"ಏನು ಇದಲ್ಲ?"

"ಕೈ. ನಿಂದಲ್ಲ."

ಕೊದ್ರಿನ್ ಆರಿಸಿದ. ಪರದೆಯ ಮಧ್ಯದಲ್ಲಿ ಒಂದು ಚುಕ್ಕಿ ಕ್ಷಣಕಾಲ ಉಳಿದು ಮಾಯವಾಯಿತು.

"ನಿಮಗೆ ಹೇಗೆ ಗೊತ್ತು?"

"ನಂಗೇನು ಗೊತ್ತು. ಅವಳು ಹೇಳಿದ್ಲು. ಅಕ್ರೋಟು ಸುಲಿದ ವಾರ ಅಲ್ವಾ, ನಿನ್ನ ಕೈ ಇದ್ದಿಲಿನ ಹಾಗಿತ್ತು. ಟೀವೀಲಿ ನೋಡಿದ್ರೆ ಹಾಲಿನ ಹಾಗೆ. ಅವಳು ಮಂಚದ ಮೇಲೆ ಎದ್ದು ಕೂತು ಚಪ್ಪಾಳೆ ಹೊಡೆದ್ಲು. ಅಮ್ಮಾ, ಅಲ್ಲಿರೋದು ಬೇರೆ ಯಾರೋ, ಅವನು ಇಲ್ಲೇ ಇದಾನೆ ಅಂದ್ಲು." ವಿಯೋರಿಕಾ ಮಡಿಲಲ್ಲಿದ್ದ ಕ್ರೋಶಾ ಬಟ್ಟೆಯನ್ನು ನಾಲ್ಕಾಗಿ ಮಡಿಸಿದಳು. "ಆಮೇಲೆ ಪ್ರತಿ ಶುಕ್ರವಾರ ಅದನ್ನೇ ನೋಡೋದು. ಕೈ ಬಂತಾ, ನಿಂದಲ್ವಾ, ಆರಿಸು. ಕತೆ ಕೇಳಿದ್ರೆ ಅವಳಿಗೆ ಒಂದಕ್ಷರ ಗೊತ್ತಿರ್ಲಿಲ್ಲ. ಯಾಶಿಯಲ್ಲಿ ಉಸಿರಾಡೋಕೆ ಆಗದಿದ್ದಾಗ್ಲೂ. ಅವನು ವಾಪಸ್ ಹೋಗಿಲ್ಲ ಅಂತ ಗೊತ್ತಾದ್ರೆ ನಿದ್ದೆ ಬರುತ್ತೆ ಅನ್ನೋಳು."

ಅಗ್ಲಾಯಾ ಒಲೆಯ ಕಡೆ ತಿರುಗಿ ಸೌದೆ ಸರಿಪಡಿಸತೊಡಗಿದಳು.

"ಮತ್ತೆ ಯಾಕೆ ಬಚ್ಚಿಟ್ರಿ? ಟೀವೀನ?"

"ನಾನೂ ಅದನ್ನೇ ಕೇಳಿದೆ. ಮೊದಲೆಲ್ಲ ನೋಡ್ತಿದ್ದವಳೇ ತಾನೆ. ಅವನು ಅದರಿಂದ ತಪ್ಪಿಸ್ಕೊಂಡು ಬಂದಿದಾನೆ ಅಮ್ಮಾ, ಒಂದು ಮನೆಯಲ್ಲಾದ್ರೂ ಅದು ಇರಬಾರ್ದು ಅಂದ್ಲು. ನನ್ನ ಕೈಲೇ ಬಟ್ಟೆ ಹೆಣಿಸಿದ್ಲು." ಅವಳು ಬಟ್ಟೆಯ ಮಡಿಕೆಯನ್ನು ಅಂಗೈಯಿಂದ ಒತ್ತಿದಳು. "ಆ ದಿನ ಕೋಟು ಕೊಟ್ಟಾಗ್ಲೇ ಹೇಳ್ಬೇಕಿತ್ತು. ಗಂಟೆ ಹೊಡೀತು. ನೀನು ಆ ಬಿಳೀದು ಹಾಕ್ಕೊಂಡು ಬಂದಾಗ… ಹೋಗ್ಲಿ ಬಿಡು. ಜನಕ್ಕೆ ಖುಷಿಯಾಯ್ತು."

ಕೊದ್ರಿನ್ ತನ್ನ ಕೈಗಳನ್ನು ನೋಡಿಕೊಂಡ. ಅವು ಎಂದೋ ಬೆಳ್ಳಗಾಗಿದ್ದವು. ಬಲ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಮಾತ್ರ ಕೂದಲೆಳೆಯಷ್ಟು ಕಂದು ಉಳಿದಿತ್ತು. ಬುಖಾರೆಸ್ಟಿನ ಮೇಕಪ್ಪಿನವಳು ಅದನ್ನು ಒಂದು ನಿಮಿಷದಲ್ಲಿ ತೆಗೆದುಬಿಡುತ್ತಾಳೆ. ಬೆಳಗ್ಗೆ ಅಮ್ಮ ಫೋನು ಮಾಡಿ, ಸಹಿ ಆಯಿತು, ಸೋಮವಾರ ಬರುವಾಗ ಬೆಚ್ಚಗಿನ ಬಟ್ಟೆ ತಂದುಕೋ ಅಂದಿದ್ದಳು.

ವಿಯೋರಿಕಾ ಮಡಿಸಿದ ಬಟ್ಟೆಯನ್ನು ಮತ್ತೆ ಬಿಡಿಸಿ ಟೀವಿಯ ಮೇಲೆ ಹೊದಿಸಿದಳು. ಕುಂಡವನ್ನು ನಡುವಿನಲ್ಲಿಟ್ಟು, ಹೂವಿನ ಮುಖ ಕೋಣೆಯ ಕಡೆಗಿರುವಂತೆ ತಿರುಗಿಸಿದಳು.

"ಬರೋ ಶುಕ್ರವಾರ ಮತ್ತೆ ಬರ್ತೀನಿ ಅಳಿಯಾ. ಅವಳ ಬದಲು ನಾನು ನೋಡ್ಬೇಕಲ್ಲ. ನಾನೊಬ್ಬಳೇ ಆದ್ರೆ ಈ ಕಣ್ಣಿಗೆ ಆ ಕೈ ಗುರುತು ಹತ್ತಲ್ಲ, ನೀನು ಪಕ್ಕದಲ್ಲಿ ಕೂತಿರ್ತೀಯಲ್ಲ."

"ಕೂತಿರ್ತೀನಿ," ಅಂದ ಕೊದ್ರಿನ್.

ಅವನ ತಲೆ ಎಡಕ್ಕೆ ವಾಲಿತು. ಅದನ್ನು ಗುರುತಿಸುವವರು ಆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.